ಗೋಡೆಯ ಮೇಲಿನ ತಾರೀಖುಗಳು

ಸಾಗರ ಸೀಮೆಯ ನಮ್ಮ ಅಜ್ಜನ ಮನೆಯನ್ನು ಕೆಲವು ವರ್ಷಗಳ ಹಿಂದೆ ರಿಪೇರಿಗೆ ಹಿಡಿದಾಗ, ಕೊಟ್ಟಿಗೆಗೆ ಹೋಗುವ ಬಾಗಿಲಿನ ಪಕ್ಕದ ಗೋಡೆಯಿಂದ ಸುಣ್ಣದ ಹಕ್ಕಳೆ ಎದ್ದುಬಂತು. ಅದರಡಿ ಇನ್ನೊಂದು ಪದರ, ಅದರಡಿ ಮತ್ತೊಂದು. ಕೊನೆಗೆ ಕಂಡದ್ದು ಗೀಟು ಹಾಕಿದ ಒಂದು ಚೌಕ. ಅದರೊಳಗೆ ಸಾಲಾಗಿ ತಾರೀಖುಗಳು, ಪ್ರತಿ ತಾರೀಖಿನ ಎದುರು ಓದಲಾಗದ ಒಂದು ಸಣ್ಣ ರುಜು. ಕೆಲಸದವರು ಕೆರೆಯಲು ಹೊರಟಾಗ ಅಜ್ಜಿ ತಡೆದರು. "ಅದು ಮಲೇರಿಯಾದವನು ಬರೆದದ್ದು. ಹದಿನೈದು ದಿವಸಕ್ಕೊಂದ್ಸಲ ಬರ್ತಿದ್ದ. ಯಾರಿಗಾದ್ರೂ ಜ್ವರ ಬಂದಿದ್ಯೇನ್ರಮ್ಮಾ ಅಂತ ಕೇಳ್ತಿದ್ದ. ಒಂದು ಲೋಟ ಮಜ್ಜಿಗೆ ಕುಡಿದು ಗುಡ್ಡ ಹತ್ತಿ ಆಚೆ ಮನೆಗೆ ಹೋಗ್ತಿದ್ದ. ಅವನ ಹೆಸರು ಏನು ಅಂತ ನಾವು ಕೇಳಿದ್ದೇ ಇಲ್ಲ ನೋಡು" ಎಂದರು.

ಕೊನೆಯ ಆ ಮಾತು ನನ್ನನ್ನು ಬಿಡಲಿಲ್ಲ. ಮಲೆನಾಡಿನ ಕಾಯಿಲೆಗಳ ಚರಿತ್ರೆಯನ್ನು ಓದುತ್ತ ಹೋದಂತೆ ಅದು ಇನ್ನೂ ಭಾರವಾಯಿತು. ಈ ಚರಿತ್ರೆಯಲ್ಲಿ ವೈರಸ್ಸಿಗೆ ಹೆಸರಿದೆ, ಉಣುಗಿಗೆ ಲ್ಯಾಟಿನ್ ಹೆಸರಿದೆ, ವಿಜ್ಞಾನಿಗಳಿಗೂ ಪ್ರತಿಷ್ಠಾನಗಳಿಗೂ ಹೆಸರಿದೆ. ಬಾಗಿಲು ತಟ್ಟಿದವರಿಗೆ ಮಾತ್ರ ಇಲ್ಲ. ಆದರೆ ಒಂದು ಗುಡ್ಡದ ನೆತ್ತಿಯಿಂದ ಇನ್ನೊಂದರ ಬುಡಕ್ಕೆ ಔಷಧ ತಲುಪಿದ್ದು ಅವರ ಕಾಲಿನ ಮೇಲೆ. ಔಷಧ ಸೋತಾಗ ಜನರ ಮುಂದೆ ನಿಂತು ಉತ್ತರ ಕೊಡಬೇಕಾಗಿ ಬಂದದ್ದೂ ಅವರಿಗೇ.

ಮಲೆನಾಡು ಎಂದರೆ ಈಗ ಮಳೆ, ಹಸಿರು, ಹೋಂಸ್ಟೇ. ನೂರು ವರ್ಷದ ಹಿಂದೆ ಆ ಹೆಸರಿನ ಜೊತೆಗೇ ಬರುತ್ತಿದ್ದದ್ದು ಚಳಿಜ್ವರ. ಮೈಸೂರು ಸಂಸ್ಥಾನದ ಮಲೆನಾಡು ತಾಲ್ಲೂಕುಗಳಲ್ಲಿ ಜನಸಂಖ್ಯೆ ಏರುವ ಬದಲು ಇಳಿಯುತ್ತಿದೆ ಎಂಬುದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸರ್ಕಾರಕ್ಕೆ ದೊಡ್ಡ ಚಿಂತೆಯಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮಲೆನಾಡಿನ ಸುಧಾರಣೆ ಎಂಬುದೇ ಒಂದು ಪ್ರತ್ಯೇಕ ಸರ್ಕಾರಿ ವಿಷಯವಾಯಿತು. 1920ರ ದಶಕದ ಕೊನೆಯ ವೇಳೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾ ಸಮೀಕ್ಷೆಗಳೂ ಆರಂಭವಾದವು.

ಇಲ್ಲಿಯ ಮಲೇರಿಯಾಕ್ಕೆ ಗುಡ್ಡಗಾಡಿನದೇ ಒಂದು ಗುಣವಿತ್ತು. ನಿಂತ ಕೊಳಕು ನೀರು ಸೊಳ್ಳೆಯ ತವರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಮಲೆನಾಡಿನಲ್ಲಿ ಮಲೇರಿಯಾ ಹರಡಿದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಅದು ಮೊಟ್ಟೆ ಇಡುವುದು ತಿಳಿಯಾಗಿ ಹರಿಯುವ ಹಳ್ಳದ ಅಂಚಿನಲ್ಲಿ. ಅಂದರೆ ಮನೆಯ ಹಿಂದಿನ ಅಬ್ಬಿ ನೀರು, ಅಡಿಕೆ ತೋಟದ ಕಪ್ಪು, ಗದ್ದೆಗೆ ತಿರುಗಿಸಿದ ಕಾಲುವೆ, ಯಾವುದು ಇಲ್ಲಿಯ ಬದುಕಿನ ಆಧಾರವೋ ಅದೇ ಸೊಳ್ಳೆಯ ತೊಟ್ಟಿಲು. ಬಯಲುಸೀಮೆಯ ಊರಿನ ಕೊಚ್ಚೆಗುಂಡಿ ಮುಚ್ಚಿಸಬಹುದು. ಹರಿಯುವ ಸಾವಿರ ಹಳ್ಳಗಳನ್ನು ಮುಚ್ಚಿಸುವವರು ಯಾರು?

ಹೀಗಾಗಿ ಹೋರಾಟ ಹಳ್ಳದಿಂದ ಮನೆಯ ಗೋಡೆಗೆ ಬಂತು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ, ಗೋಡೆಗೆ ಡಿಡಿಟಿ ಹೊಡೆದರೆ ಅಲ್ಲೇ ಸಾಯುತ್ತದೆ ಎಂಬುದು ಲೆಕ್ಕ. ಭಾರತದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಮೊದಲು ನಡೆಸಿ ನೋಡಿದ ಜಾಗಗಳಲ್ಲಿ ನಮ್ಮ ಪಕ್ಕದ ಉತ್ತರ ಕನ್ನಡವೂ ಒಂದು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರ ಹೊತ್ತಿಗೆ ಮನೆಮನೆಗೆ ಡಿಡಿಟಿ ಸಿಂಪಡಣೆ ಆರಂಭವಾಯಿತು. ಅದರ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಧೈರ್ಯ ಕೊಟ್ಟಿತು. 1958ರಲ್ಲಿ ಅದರ ಹೆಸರಿನಲ್ಲಿದ್ದ 'ನಿಯಂತ್ರಣ' ಹೋಗಿ 'ನಿರ್ಮೂಲನ' ಬಂತು.

ಈ ವರದಿಗಳನ್ನು ಓದುವಾಗ ಕಣ್ಣಿಗೆ ಕಾಣುವುದು ಅಂಕಿಗಳು. ನನಗೆ ಕಾಣಬೇಕೆನಿಸಿದ್ದು ಪಂಪು ಹೊತ್ತವನು. ಮಲೆನಾಡಿನಲ್ಲಿ ಊರು ಎಂದರೆ ಸಾಲುಮನೆಗಳ ಬೀದಿಯಲ್ಲ. ಒಂದು ತೋಟ, ಅದಕ್ಕೊಂದು ಮನೆ, ನಡುವೆ ಒಂದು ಗುಡ್ಡ, ಆಚೆಗೆ ಇನ್ನೊಂದು ಮನೆ. ಬಯಲುಸೀಮೆಯಲ್ಲಿ ಒಂದು ಬೆಳಿಗ್ಗೆ ಒಂದು ಕೇರಿ ಮುಗಿಸಬಹುದಾದವನು ಇಲ್ಲಿ ಅಷ್ಟೇ ಹೊತ್ತಿನಲ್ಲಿ ಮೂರು ಮನೆ ಮುಟ್ಟಿದರೆ ಹೆಚ್ಚು. ದಾರಿಯಲ್ಲಿ ಹಳ್ಳ ದಾಟಲು ಅಡಿಕೆ ದಬ್ಬೆಯದೋ ಮರದ ದಿಮ್ಮಿಯದೋ ಒಂದು ಸಂಕ. ಮಳೆಗಾಲದಲ್ಲಿ ಅದೂ ಕೊಚ್ಚಿಹೋಗುತ್ತದೆ. ಕಾಲಿಗೆ ಉಂಬಳ.

ಬಾಗಿಲಿಗೆ ಬಂದ ಮೇಲೆ ಇನ್ನೊಂದು ಗುಡ್ಡ ಹತ್ತಬೇಕಾಗುತ್ತಿತ್ತು. ಔಷಧ ಹೊಡೆಯಬೇಕಾದದ್ದು ಜಗಲಿಗಲ್ಲ, ಮಲಗುವ ಕೋಣೆಗೆ, ಅಡುಗೆಮನೆಗೆ, ಕತ್ತಲೆ ತುಂಬಿದ ಮೂಲೆಗಳಿಗೆ. ಅಡುಗೆಮನೆಯ ಒಳಗೆ, ದೇವರ ಕೋಣೆಯ ಹತ್ತಿರಕ್ಕೆ ಯಾರು ಬರಬಹುದು, ಯಾರು ಬರಬಾರದು ಎಂಬುದಕ್ಕೆ ಆ ಮನೆಗಳಲ್ಲಿ ಗಟ್ಟಿಯಾದ ಕಟ್ಟಳೆಗಳಿದ್ದವು. ಪಂಪು ಹೊತ್ತವನ ಜಾತಿ ಯಾವುದು ಎಂಬುದು ಔಷಧಕ್ಕಿಂತ ದೊಡ್ಡ ಪ್ರಶ್ನೆಯಾಗುತ್ತಿತ್ತು. ಅಜ್ಜಿ ಹೇಳಿದ ಪ್ರಕಾರ ನಮ್ಮ ಮನೆಯಲ್ಲೂ ಒಳಗಿನ ಕೋಣೆಗೆ ಬಿಟ್ಟದ್ದು ಕೆಲವು ವರ್ಷಗಳ ನಂತರ. ಇನ್ನು, ಹೊಡೆದ ಔಷಧ ಗೋಡೆಯಲ್ಲಿ ತಿಂಗಳುಗಟ್ಟಲೆ ಇರಬೇಕು. ಹಬ್ಬ ಬಂದರೆ ಗೋಡೆಗೆ ಕೆಮ್ಮಣ್ಣು, ನೆಲಕ್ಕೆ ಸಗಣಿ ಸಾರಿಸದೆ ಮನೆಯವರಿಗೆ ಸಮಾಧಾನವಿಲ್ಲ. ಸಾರಿಸಿದರೆ ಡಿಡಿಟಿ ಅಡಿಗೆ ಹೋಯಿತು. 'ಸಾರಿಸಬೇಡಿ' ಎಂದು ಹೇಳುವುದು ಸುಲಭ, ಹೇಳಿಸಿಕೊಂಡವಳು ಆ ಮನೆಯ ಸೊಸೆಯಾಗಿದ್ದರೆ ಪಾಲಿಸುವುದು ಕಷ್ಟ.

ಮುಂದಿನ ಹಂತದಲ್ಲಿ ಬಂದವನೇ ಅಜ್ಜಿಯ ಮಜ್ಜಿಗೆ ಕುಡಿದ ಮನುಷ್ಯ. ಸೊಳ್ಳೆ ಕಡಿಮೆಯಾದ ಮೇಲೆ ಉಳಿದ ಒಂದೊಂದು ಜ್ವರವನ್ನೂ ಹುಡುಕಬೇಕಿತ್ತು. ಅದಕ್ಕಾಗಿ ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ಒಂದು ಹನಿ ರಕ್ತ ಹಚ್ಚಿಕೊಂಡು, ಬಂದದ್ದಕ್ಕೆ ಸಾಕ್ಷಿಯಾಗಿ ಗೋಡೆಯ ಮೇಲೆ ತಾರೀಖು ಹಾಕಿ ರುಜು ಮಾಡಬೇಕು. ಮೇಲಧಿಕಾರಿ ಬಂದಾಗ ನೋಡುತ್ತಿದ್ದದ್ದು ಆ ರುಜುವನ್ನು. ಹೀಗೆ ನಮ್ಮ ಗೋಡೆಯ ಮೇಲಿನ ಚೌಕ ಒಬ್ಬ ಸಣ್ಣ ನೌಕರನ ಹಾಜರಿ ಪುಸ್ತಕವೂ ಆಗಿತ್ತು.

ಮಲೇರಿಯಾ ಇಳಿಯುತ್ತಿದ್ದ ಆ ಕಾಲದಲ್ಲೇ ಇನ್ನೊಂದು ಜ್ವರ ಎದ್ದಿತು. 1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಸುತ್ತಮುತ್ತ ಜನ ಜ್ವರದಿಂದ ಮಲಗತೊಡಗಿದರು. ಸಹಿಸಲಾಗದ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಮುರಿದಂತೆ ನೋವು, ಕೆಂಪಾದ ಕಣ್ಣು, ಕೆಲವರಿಗೆ ಮೂಗು ವಸಡುಗಳಿಂದ ರಕ್ತ. ಮೊದಲು ಇದನ್ನು ವಿಷಮಶೀತ ಜ್ವರದ ಜಾತಿಯದು ಎಂದೇ ಭಾವಿಸಿದ್ದರು. ಆದರೆ ಊರಿನವರು ಇನ್ನೊಂದು ಸಂಗತಿಯನ್ನೂ ಹೇಳುತ್ತಿದ್ದರು. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ.

ಈ ಸುದ್ದಿ ಪುಣೆ ತಲುಪಿದ್ದು ಒಂದು ದೊಡ್ಡ ಭಯವಾಗಿ. ಅಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದರ ಮುಂದುವರಿಕೆ. ಕಾಡಿನಲ್ಲಿ ಮಂಗ, ಊರಿನಲ್ಲಿ ಮನುಷ್ಯ, ಎರಡೂ ಒಟ್ಟಿಗೆ ಸಾಯುವ ರೋಗ ಎಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದನ್ನು ಹರಡಬಲ್ಲ ಸೊಳ್ಳೆ ಭಾರತದ ತುಂಬ ಇದೆ, ರೋಗ ಮಾತ್ರ ಎಂದೂ ಬಂದಿರಲಿಲ್ಲ. ಈಗ ಬಂದಿದೆಯೇ? ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಸೇರಿದ್ದ ತಂಡ ಸೊರಬದ ಕಾಡಿಗೆ ಬಂತು. ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಾಂಶ ಪುಣೆಗೆ ಹೋದವು. ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಬಂಧುವಾಗಿತ್ತು. ಹೊಸ ವೈರಸ್ಸಿಗೆ ಕ್ಯಾಸನೂರು ಕಾಡಿನ ಹೆಸರು ಬಂತು. 1957ರಲ್ಲಿ 466 ಮಂದಿಗೆ, ಮರುವರ್ಷ 181 ಮಂದಿಗೆ ರೋಗ ತಗುಲಿದ್ದು ದಾಖಲಾಯಿತು.

ಸೈಬೀರಿಯಾದ ಬಂಧು ಸೊರಬಕ್ಕೆ ಹೇಗೆ ಬಂತು ಎಂಬ ಪ್ರಶ್ನೆ ಹಕ್ಕಿಗಳವರೆಗೂ ಹೋಯಿತು. ವಲಸೆ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂಬ ಅನುಮಾನದಿಂದ ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸವನ್ನು ಕೈಗೆತ್ತಿಕೊಂಡಿತು. ಸೊರಬದ ಜ್ವರದಿಂದ ಭಾರತದ ಪಕ್ಷಿಶಾಸ್ತ್ರಕ್ಕೆ ಲಾಭವಾಯಿತು. ವೈರಸ್ ಹಕ್ಕಿಯ ಮೇಲೆ ಬಂದದ್ದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

ಊರಿನವರು ಇದನ್ನು ಮಂಗನ ಕಾಯಿಲೆ ಎಂದರು. ಹೆಸರು ಮಂಗನಿಗೆ ಅಂಟಿತು, ತಪ್ಪು ಅದರದ್ದಲ್ಲ. ವೈರಸ್ ಉಳಿಯುವುದು ಉಣುಗು ಮತ್ತು ಕಾಡಿನ ಸಣ್ಣ ಪ್ರಾಣಿಗಳಲ್ಲಿ. ಮಂಗನೂ ಮನುಷ್ಯನಂತೆ ಉಣುಗು ಕಚ್ಚಿ ಸಾಯುವ ಬಡಪಾಯಿ. ಆದರೆ ಮಂಗ ಸತ್ತು ಬಿದ್ದಾಗ ಅದರ ಮೈಯಲ್ಲಿದ್ದ ಉಣುಗುಗಳು ಸುತ್ತಲಿನ ದರಗಿಗೆ ಇಳಿಯುತ್ತವೆ. ಆ ಜಾಗದಲ್ಲಿ ಓಡಾಡಿದವರಿಗೆ ಅಪಾಯ. ಹಾಗಾಗಿ ಸತ್ತ ಮಂಗ ಎಂದರೆ ಕಾಡು ಕೊಡುವ ಮುನ್ಸೂಚನೆ.

ಪುಣೆಯ ಕೇಂದ್ರ ಸಾಗರದಲ್ಲಿ ಕ್ಷೇತ್ರ ಠಾಣೆ ತೆರೆದು ಒಂದು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು. ಕೆನರಾದ ಮಲೇರಿಯಾ ಕೆಲಸದಲ್ಲಿ ಪಳಗಿದ್ದ ಟಿ. ರಾಮಚಂದ್ರ ರಾವ್, ಪಿ.ಕೆ. ರಾಜಗೋಪಾಲನ್, ಕೊಲಂಬಿಯಾದ ಜಾರ್ಜ್ ಬೊಶೆಲ್ ಇಲ್ಲಿ ದುಡಿದವರಲ್ಲಿ ಕೆಲವರು. ಅವರ ಪ್ರಬಂಧಗಳ ಹಿಂದೆ ಇನ್ನೊಂದು ದಂಡಿತ್ತು. ಯಾವ ಕಾನಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ತರುವವರು, ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಅದಕ್ಕೆ ಹತ್ತಿದ ಉಣುಗುಗಳನ್ನು ಒಂದೊಂದಾಗಿ ಹೆಕ್ಕುವವರು, ಇಲಿ ಹಿಡಿಯುವವರು, ಕೊಳೆಯುತ್ತಿರುವ ಮಂಗವನ್ನು ಹೊತ್ತು ತರುವವರು. ರೋಗ ಎಲ್ಲಿ ಹೆಚ್ಚೋ ಅಲ್ಲಿಗೇ ಹೋಗುವುದು ಅವರ ಕೆಲಸ. ಕಾಡಿನಲ್ಲಿ ದುಡಿದ ಸಿಬ್ಬಂದಿಗೂ ಪ್ರಯೋಗಾಲಯದಲ್ಲಿದ್ದವರಿಗೂ ಈ ಜ್ವರ ತಗುಲಿದ ಪ್ರಸಂಗಗಳಿವೆ.

1969ರಲ್ಲಿ ಬೊಶೆಲ್ ಬರೆದ ಲೇಖನ ಈ ಚರಿತ್ರೆಯ ಒಂದು ಮುಖ್ಯ ತಿರುವು. ಅವರ ವಾದದ ತಿರುಳು ಇಷ್ಟು: ಜನ ಹೆಚ್ಚಿ, ಗದ್ದೆ ಕಾಡಿನೊಳಗೆ ಚಾಚಿ, ದನಗಳು ಮೇಯಲು ಕಾಡಿಗೆ ಹೋಗತೊಡಗಿದಾಗ ಬಲಿತ ಉಣುಗುಗಳಿಗೆ ಬೇಕಾದಷ್ಟು ರಕ್ತ ಸಿಕ್ಕಿತು, ಉಣುಗು ಲೆಕ್ಕ ಮೀರಿ ಬೆಳೆಯಿತು, ಕಾಡಿನೊಳಗೆ ಸುಮ್ಮನಿದ್ದ ವೈರಸ್ ಹೊರಬಂತು. ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಬಲಿತ ಮೇಲೆ ದನದಂಥ ದೊಡ್ಡ ಪ್ರಾಣಿಯನ್ನು ಹಿಡಿಯುತ್ತದೆ. ಮನುಷ್ಯನಿಗೆ ಹತ್ತುವುದು ಅದರ ನಡುವಯಸ್ಸಿನ, ಎಳ್ಳುಕಾಳಿನಷ್ಟು ಸಣ್ಣ ರೂಪ. ಮಳೆ ನಿಂತು ದರಗು ಒಣಗಿದ ಮೇಲೆ, ಸುಮಾರು ಡಿಸೆಂಬರಿನಿಂದ ಮೇವರೆಗೆ, ಅದರ ಕಾಲ.

ಕಾರ್ಯಕರ್ತರ ನಿಜವಾದ ಕಷ್ಟ ಇಲ್ಲಿಂದ ಶುರು. ಆ ತಿಂಗಳುಗಳೇ ಮಲೆನಾಡಿನವರು ಕಾಡಿಗೆ ಹೋಗುವ ತಿಂಗಳುಗಳೂ ಹೌದು. ಮಳೆಗಾಲಕ್ಕೆ ಸೌದೆ ಕೂಡಿಡಬೇಕು. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರವಾಗಲು ದರಗು ಗುಡಿಸಿ ತರಬೇಕು. ದನ ಮೇಯಿಸಬೇಕು. ಸೀಗೆ, ಅಂಟುವಾಳ ಕೊಯ್ದು ನಾಲ್ಕು ಕಾಸು ಮಾಡಬೇಕು. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. 'ಕಾಡಿಗೆ ಹೋಗಬೇಡಿ' ಎಂಬ ಸೂಚನೆ ಕಾಗದದ ಮೇಲೆ ನಾಲ್ಕು ಮಾತಾದರೂ ಕೂಲಿಯ ಹೆಣ್ಣುಮಗಳಿಗೆ ಅದರ ಅರ್ಥ 'ಬದುಕಬೇಡಿ' ಎಂಬುದಕ್ಕೆ ಹತ್ತಿರ. ಹೀಗಾಗಿ ಕಾರ್ಯಕರ್ತರು ಎರಡನೆಯ ದರ್ಜೆಯ ಸಲಹೆಗಳನ್ನು ಹೊತ್ತು ಹೋದರು. ಹೋಗುವ ಮುಂಚೆ ಮೈಗೆ ಡಿಎಂಪಿ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಕುದಿಸಿ. ನನ್ನ ಬಾಲ್ಯದ ನೆನಪಿನಲ್ಲಿ ಆ ಎಣ್ಣೆಯ ಬಾಟಲಿ ಅಟ್ಟದ ಮೆಟ್ಟಿಲ ಕೆಳಗೆ ತುಂಬಿದ್ದ ಹಾಗೇ ಇರುತ್ತಿತ್ತು. ಬೆವರು, ಧೂಳು, ದರಗಿನ ಕಸ ಎಲ್ಲ ಆ ಎಣ್ಣೆಗೆ ಅಂಟುತ್ತದೆ ಎಂದು ಯಾರೂ ಹಚ್ಚುತ್ತಿರಲಿಲ್ಲ.

1982ರ ಕೊನೆಯಲ್ಲಿ ಕಾಯಿಲೆ ಘಟ್ಟದ ಕೆಳಗೆ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಜೋರಾಗಿ ಎದ್ದಿತು. ಗೇರು ತೋಪಿಗಾಗಿ ಕಾಡು ಕಡಿದ ಜಾಗದ ಸುತ್ತ, ಆ ಕೆಲಸಕ್ಕೆ ಹೋದ ಕೂಲಿಯವರಲ್ಲಿ ಅದು ಕಾಣಿಸಿಕೊಂಡಿತು. ಆ ಭಾಗದಲ್ಲಿ ಇದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಖ್ಟರ್ 1987ರ ತಮ್ಮ ಲೇಖನದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದರು. ಕಡಿದ ಕಾಡಿನ ದೈವಗಳು ಮುನಿದಿವೆ ಎಂದು ಜನ ನಂಬಿ ಭೂತದ ಮೊರೆಹೋದದ್ದನ್ನೂ ಅವರು ದಾಖಲಿಸಿದ್ದಾರೆ. ಇದನ್ನು ಮೌಢ್ಯ ಎಂದು ನಗುವ ಮೊದಲು ನಾನು ಬೊಶೆಲ್ ಅವರ ವಾದವನ್ನು ನೆನೆಯುತ್ತೇನೆ. ಕಾಡು ಕಡಿದದ್ದಕ್ಕೆ ಕಾಯಿಲೆ ಬಂತು ಎಂದು ವಿಜ್ಞಾನಿಯೂ ಹೇಳಿದ, ಪಾತ್ರಿಯೂ ಹೇಳಿದ. ಇಬ್ಬರ ನಡುವೆ ನಿಂತು 'ಆಸ್ಪತ್ರೆಗೆ ಬನ್ನಿ' ಎಂದು ಕರೆಯಬೇಕಾದವರು ಆರೋಗ್ಯ ಕಾರ್ಯಕರ್ತರು. ಆಸ್ಪತ್ರೆಯಲ್ಲೂ ಇದಕ್ಕೆ ನೇರ ಔಷಧವಿಲ್ಲ. ಜ್ವರ ಇಳಿಸಿ, ನೀರಿನಂಶ ಕಾಪಾಡಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಕಾಯಬೇಕು. ಗುಣವಾದವರೂ ವಾರಗಟ್ಟಲೆ ಕೂಲಿಗೆ ಹೋಗಲಾರರು.

ಲಸಿಕೆಯ ಕಥೆ ಇದಕ್ಕಿಂತ ದೀರ್ಘ. ಮೊದಲಿಗೆ ರಷ್ಯಾದ ಮಿದುಳುಜ್ವರದ ಲಸಿಕೆಯನ್ನೇ ತಂದು ನೋಡಿದರು, ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1990ರಿಂದ ಕರ್ನಾಟಕದ ರೋಗಪೀಡಿತ ಪ್ರದೇಶಗಳಲ್ಲಿ ಅದರ ನಿಯಮಿತ ಬಳಕೆ ಆರಂಭವಾಯಿತು. ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ವರ್ಧಕ ಡೋಸು, ಮುಂದೆ ವರ್ಷಕ್ಕೊಮ್ಮೆ.

ಈ ಲೆಕ್ಕವನ್ನು ಗುಡ್ಡದ ಮೇಲೆ ಇಟ್ಟು ನೋಡಿ. ಒಂದೇ ಮನೆಗೆ ಒಂದು ವರ್ಷದೊಳಗೆ ಮೂರು ಸಲ ಹೋಗಬೇಕು. ಹೋದ ದಿನ ಲಸಿಕೆ ತಣ್ಣಗೆ ಇರಬೇಕು, ಮಂಜುಗಡ್ಡೆ ಕರಗುವ ಮೊದಲು ಕೊನೆಯ ಮನೆ ಮುಟ್ಟಬೇಕು, ಮನೆಯ ಯಜಮಾನ ತೋಟದಲ್ಲಿರಬಾರದು, ಹೆಂಗಸರು ಸೊಪ್ಪಿಗೆ ಹೋಗಿರಬಾರದು. ಇಷ್ಟೆಲ್ಲ ಕೂಡಿಬಂದರೂ ಆ ಸೂಜಿಯ ನೋವು ಹೆಸರುವಾಸಿ. ಚುಚ್ಚಿದ ತೋಳು ಎರಡು ದಿನ ಎತ್ತಲು ಬಾರದು ಎಂದು ಜನ ದೂರುತ್ತಿದ್ದರು. ಕೂಲಿಯವನಿಗೆ ಎರಡು ದಿನದ ತೋಳು ಎಂದರೆ ಎರಡು ದಿನದ ಸಂಬಳ. ಮೊದಲ ಡೋಸು ಪಡೆದವರಲ್ಲಿ ಬಹಳ ಜನ ಎರಡನೆಯದಕ್ಕೆ ಸಿಗುತ್ತಿರಲಿಲ್ಲ, ಮೂರನೆಯದಕ್ಕೆ ಇನ್ನೂ ಕಡಿಮೆ. 2005ರಿಂದ 2010ರವರೆಗಿನ ಮಾಹಿತಿ ಆಧರಿಸಿದ ಒಂದು ಅಧ್ಯಯನ ಎರಡು ಡೋಸಿನಿಂದ ಸುಮಾರು ಶೇ 62, ವರ್ಧಕ ಡೋಸೂ ಸೇರಿದರೆ ಸುಮಾರು ಶೇ 83 ರಕ್ಷಣೆ ಸಿಗುತ್ತದೆ ಎಂದಿತು. ಯಾವ ಡೋಸಿನಿಂದ ರಕ್ಷಣೆ ಗಟ್ಟಿಯಾಗುತ್ತಿತ್ತೋ ಆ ಡೋಸಿನ ಹೊತ್ತಿಗೇ ಜನ ತೋಳು ಮಡಚುತ್ತಿದ್ದರು.

ಲಸಿಕೆ ಹಾಕುವ ಜಾಗವನ್ನು ಆರಿಸಲು ಇದ್ದ ನಿಯಮವೂ ಬಯಲಿನ ಬುದ್ಧಿಯದು. ಕಾಯಿಲೆ ಕಂಡ ಸ್ಥಳದ ಸುತ್ತ ಐದು ಕಿಲೋಮೀಟರಿನ ವೃತ್ತ. ನಕಾಶೆಯ ಮೇಲೆ ವೃತ್ತ ದುಂಡಗಿರುತ್ತದೆ. ಮಲೆನಾಡಿನಲ್ಲಿ ಐದು ಕಿಲೋಮೀಟರ್ ದೂರದ ಮನೆಗೆ ಹಳ್ಳ ಸುತ್ತಿ, ಘಟ್ಟ ಇಳಿದು ಹೋದರೆ ಹತ್ತಾಗುತ್ತದೆ. ಮಂಗ ಮಾತ್ರ ಮರದಿಂದ ಮರಕ್ಕೆ ನೇರವಾಗಿ ಹೋಗುತ್ತದೆ. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ, ಜೋಗದ ಹತ್ತಿರದ ಶರಾವತಿ ಕಣಿವೆಯಲ್ಲಿ, ಕಾಯಿಲೆ ಎದ್ದು 2019ರ ಬೇಸಿಗೆಯವರೆಗೆ ಸಾವುಗಳಾದಾಗ ನಾವೆಲ್ಲ ಈ ನಕಾಶೆಯ ಬಗ್ಗೆ ತಡವಾಗಿ ಯೋಚಿಸಿದೆವು.

ಆ ನಂತರದ ಒಂದು ಬೇಸಿಗೆಯಲ್ಲಿ ಒಬ್ಬ ಆಶಾ ಕಾರ್ಯಕರ್ತೆಯ ಜೊತೆ ನಾನು ಒಂದು ದಿನ ನಡೆದೆ. ಸರ್ಕಾರದ ಲೆಕ್ಕದಲ್ಲಿ ಗುಡ್ಡಗಾಡಿಗೆ ರಿಯಾಯಿತಿ ಇದೆ. ಬಯಲಿನಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3,000ಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ 30,000ದ ಬದಲು 20,000ಕ್ಕೆ. ಸುಮಾರು 1,000 ಜನಕ್ಕೆ ಒಬ್ಬರು ಆಶಾ ಎಂಬ ನಿಯಮವನ್ನೂ ಗುಡ್ಡಗಾಡಿನಲ್ಲಿ ಸಡಿಲಿಸಬಹುದು. ಆದರೆ ಸಂಖ್ಯೆ ಜನರನ್ನು ಎಣಿಸುತ್ತದೆ, ಏರನ್ನು ಎಣಿಸುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಟ ನಾವು ಮಧ್ಯಾಹ್ನದ ಹೊತ್ತಿಗೆ ಮುಟ್ಟಿದ್ದು ಏಳು ಮನೆ. ಅವರ ಚೀಲದಲ್ಲಿ ಡೆಪಾ ಎಣ್ಣೆಯ ಬಾಟಲಿಗಳು, ಒಂದು ದಪ್ಪ ಪುಸ್ತಕ, ಥರ್ಮಾಮೀಟರು. ಫೋನಿಗೆ ಸಿಗ್ನಲ್ ಸಿಗುವ ಜಾಗ ಯಾವ ಮರದ ಕೆಳಗೆ ಎಂಬುದು ಅವರಿಗೆ ಬಾಯಿಪಾಠ.

ದಾರಿಯಲ್ಲಿ ಕೇಳಿದೆ, "ಅಕ್ಕಾ, ಮಂಗ ಸತ್ತ ಸುದ್ದಿ ಬಂದ್ರೆ ಏನ್ ಮಾಡ್ತೀರಿ?"

"ಎಂತ ಮಾಡೂದು? ಮೊದ್ಲು ಹೋಗಿ ನೋಡ್ಬೇಕು. ಆಮೇಲೆ ಆಸ್ಪತ್ರೆಗೆ, ಫಾರೆಸ್ಟಿನೋರಿಗೆ, ದನಿನ ಡಾಕ್ಟ್ರಿಗೆ ಫೋನ್. ಅವರು ಬರೂವರೆಗೂ ಆ ಜಾಗಕ್ಕೆ ಯಾರೂ ಹೋಗ್ದಂಗೆ ನೋಡ್ಕಳೂದು. ಸುತ್ತ ಐವತ್ತು ಮೀಟರು ಮೆಲಾಥಿಯಾನ್ ಪುಡಿ ಹಾಕ್ತಾರೆ. ಆ ಚೀಲ ಗುಡ್ಡ ಹತ್ತಿಸೂದೇ ಒಂದ್ ಕೆಲ್ಸ."

ಒಂದು ಮನೆಯಲ್ಲಿ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಮ್ಮನ್ನು ಕಂಡ ಕೂಡಲೇ ದನಿ ಎತ್ತಿದರು. ಅವರ ತಮ್ಮ ಲಸಿಕೆ ಹಾಕಿಸಿಕೊಂಡಿದ್ದರಂತೆ, ಆದರೂ ಕಾಯಿಲೆ ಬಂದು ತೀರಿಕೊಂಡಿದ್ದರು. ಜ್ವರ ಬಂದ ಮೇಲೆ ರಕ್ತದ ಫಲಿತಾಂಶ ಬರುವಷ್ಟರಲ್ಲಿ ದಿನಗಳು ಹೋದವು, ದೊಡ್ಡ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಇನ್ನೊಂದು ರಾತ್ರಿ ಹೋಯಿತು ಎಂದರು. "ನೀ ಹೇಳಿದ್ದಕ್ಕೆ ಹಾಕಿಸ್ಕಂಡ ಅವ" ಎಂದರು ಆಕೆಗೆ. ಆಕೆ ಏನೂ ಅನ್ನಲಿಲ್ಲ. ಎರಡು ಬಾಟಲಿ ಎಣ್ಣೆ ಜಗಲಿಯ ಮೇಲಿಟ್ಟು, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ ಎಂದು ಸೊಸೆಯನ್ನು ಕೇಳಿ, ಪುಸ್ತಕದಲ್ಲಿ ಬರೆದುಕೊಂಡರು. ಅಂಗಳ ದಾಟಿದ ಮೇಲೆ ನನಗೆ ಹೇಳಿದರು, "ಅವರು ಬೈದದ್ದು ನ್ಯಾಯವೇ ಅಲ್ದಾ? ಅವರಿಗೆ ಸಿಗೂದು ನಾನೊಬ್ಳೇ."

ಅವರ ಈ ಮಾತಿನಲ್ಲಿ ಈ ಎಪ್ಪತ್ತು ವರ್ಷದ ಚರಿತ್ರೆಯೇ ಇದೆ ಎಂದು ನನಗೆ ಅನಿಸಿದೆ. ಗೋಡೆಗೆ ಹೊಡೆದ ಡಿಡಿಟಿಯ ಕೀರ್ತಿ ಇಳಿಯಿತು. 'ನಿರ್ಮೂಲನ' ಎಂದ ಮಲೇರಿಯಾ 1970ರ ದಶಕದಲ್ಲಿ ದೇಶದಾದ್ಯಂತ ಮರಳಿ ಬಂತು. ಡಿಎಂಪಿ ಎಣ್ಣೆಯ ಜಾಗಕ್ಕೆ ಡೆಪಾ ಬಂತು. ಮೂರು ದಶಕ ಬಳಸಿದ ಲಸಿಕೆಯ ಶಕ್ತಿ ಕುಂದಿದೆ ಎಂಬುದು ಖಚಿತವಾಗಿ 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಹೊಸದರ ಕೆಲಸ ನಡೆದಿದೆ. ಪ್ರತಿ ಸಲವೂ ತೀರ್ಮಾನ ದೂರದಲ್ಲಿ ಆಯಿತು. ಮೊನ್ನೆಯವರೆಗೆ 'ಹಾಕಿಸ್ಕಳಿ' ಎಂದು ಗೋಗರೆದ ಬಾಯಲ್ಲೇ 'ಈಗ ಇಲ್ಲ' ಎಂದು ಹೇಳಲು ಗುಡ್ಡ ಹತ್ತಿದವರು ಮಾತ್ರ ಇವರು. ಔಷಧದ ದಾಸ್ತಾನು ಮುಗಿದರೆ ಬೆಂಗಳೂರಿನಿಂದ ತರಿಸಬಹುದು. ಆ ಮನೆಯ ಜಗಲಿಯ ಮೇಲೆ ಅವರಿಗಿದ್ದ ನಂಬಿಕೆ ಮುಗಿದರೆ ಅದನ್ನು ಎಲ್ಲಿಂದ ತರಿಸುವುದು?

ಗುಡ್ಡಗಾಡಿನ ಆರೋಗ್ಯ ಸೇವೆ ಎಂದರೆ ರಸ್ತೆ, ಸೇತುವೆ, ಆಂಬುಲೆನ್ಸ್ ಎಂದು ನಾವು ಮಾತಾಡುತ್ತೇವೆ. ಅವು ಬೇಕೇ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಹಿನ್ನೀರು ತುಮರಿಯ ಕಡೆಯ ಊರುಗಳನ್ನು ಸಾಗರದಿಂದ ಕತ್ತರಿಸಿತು. ಅಲ್ಲಿಯವರಿಗೆ ರಾತ್ರಿ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ ಲಾಂಚ್ ಇಲ್ಲದ ದಡದಲ್ಲಿ ಬೆಳಗಾಗುವುದನ್ನು ಕಾಯಬೇಕಿತ್ತು, ಇಲ್ಲವೇ ಗಂಟೆಗಟ್ಟಲೆ ಸುತ್ತಿ ಹೋಗಬೇಕಿತ್ತು. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ, ಅಂದರೆ ಆರು ದಶಕಗಳ ನಂತರ. ಇಡೀ ನಾಡಿಗೆ ಬೆಳಕು ಕೊಟ್ಟವರು ದಡದಲ್ಲಿ ಕತ್ತಲಲ್ಲಿ ಕಾದರು.

ಆದರೆ ಸೇತುವೆ ಮುಗಿಯುವಲ್ಲಿ ಕಾಲುದಾರಿ ಶುರುವಾಗುತ್ತದೆ. ಅಲ್ಲಿಂದ ಮುಂದಕ್ಕೆ ಈಗಲೂ ಯಾರೋ ನಡೆಯಬೇಕು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನದ ಬೇಡಿಕೆಯೊಂದಿಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ನನ್ನ ಕಣ್ಣಿಗೆ ಬಂದದ್ದು ಆ ಏಳು ಮನೆಯ ದಾರಿ. ಅವರನ್ನು ನಾವು ಇಂದಿಗೂ ನೌಕರರು ಎನ್ನುವುದಿಲ್ಲ, ಸ್ವಯಂಸೇವಕಿಯರು ಎನ್ನುತ್ತೇವೆ. ಹೆಸರು ಕೇಳದೆ ಮಜ್ಜಿಗೆ ಕೊಟ್ಟ ಕಾಲಕ್ಕಿಂತ ಇದು ಎಷ್ಟು ಮುಂದೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಅಜ್ಜನ ಮನೆಯ ಗೋಡೆಗೆ ಕೊನೆಗೂ ಹೊಸ ಬಣ್ಣ ಬಂತು. ಕೊಟ್ಟಿಗೆ ಬಾಗಿಲ ಪಕ್ಕದ ಆ ಒಂದು ಮೊಳದ ಜಾಗವನ್ನು ಮಾತ್ರ ಅಜ್ಜಿ ಬಿಡಿಸಿದರು. ಮೊನ್ನೆ ಹೋದಾಗ ಆಶಾ ಕಾರ್ಯಕರ್ತೆ ಬಂದಿದ್ದರು. ಅಜ್ಜಿ ಅವರಿಗೆ ಮಜ್ಜಿಗೆ ತರಲು ಹೇಳಿ, ಅವರ ಹೆಸರು ಕೇಳಿ, ಯಾವ ಊರಿನ ಮಗಳು, ಯಾವ ಊರಿಗೆ ಸೊಸೆ ಎಂದೆಲ್ಲ ವಿಚಾರಿಸಿಕೊಂಡರು. ಆಕೆ ಹೋದ ಮೇಲೆ ನನಗೆ, "ಮರ್ತು ಹೋಗ್ತದೆ, ಎಲ್ಲಾದ್ರೂ ಬರ್ಕೊ" ಎಂದರು. ಬರೆದುಕೊಂಡೆ.